ಗಟ್ಟಿ ಶಾಕ್ ಹಾಕಿಸಿದರೆ ಪಿಕಪ್ ಜಾಸ್ತಿ ಲೋಡ್ ಹೊರುತ್ತಾ? ಎತ್ತಿಸಿದ ಗಾಡಿಗೆ ಯಾವ ಶಾಕ್ ಸರಿ?

ಟೊಮೆಟೊ ಸೀಸನ್ ಶುರುವಾದರೆ ಕೋಲಾರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಮೆಸೇಜುಗಳು ಓಡಾಡುತ್ತವೆ. ಒಂದು, ಇವತ್ತಿನ ಬಾಕ್ಸ್ ರೇಟು. ಇನ್ನೊಂದು, ಪಿಕಪ್ ಗಾಡಿಯವರಿಗೆ ಬರುವ ಪುಕ್ಕಟೆ ಸಲಹೆಗಳು. ಹಿಂದೆ ಎರಡು ಪಟ್ಟಿ ಸೇರಿಸಿ ಎತ್ತಿಸಿ, ಹೆವಿ ಡ್ಯೂಟಿ ಶಾಕ್ ಹಾಕಿಸಿ, ಎಷ್ಟು ಬಾಕ್ಸ್ ಬೇಕಾದರೂ ಏರಿಸಿ ಅನ್ನುವುದು ಈ ಸಲಹೆಗಳ ಸಾರಾಂಶ. ಜೊತೆಗೆ ಹಿಂಭಾಗ ಆಕಾಶಕ್ಕೆ ಎದ್ದು ನಿಂತ ಗಾಡಿಯ ಒಂದು ವಿಡಿಯೊ ಇರುತ್ತದೆ.

ಶ್ರೀನಿವಾಸಪುರದ ಹತ್ತಿರ ಇರುವ ನಮ್ಮ ಮಾವ ಇಂಥದ್ದೊಂದು ಮೆಸೇಜು ನಂಬಿದರು. ಬೇಸಿಗೆಯಲ್ಲಿ ಮಾವು, ಉಳಿದ ಕಾಲದಲ್ಲಿ ಟೊಮೆಟೊ ಹೊಡೆಯುವುದು ಅವರ ಕೆಲಸ. ಹಿಂದಿನ ಎರಡೂ ಕಡೆ ಪಟ್ಟಿ ಸೇರಿಸಿದರು, ಹೊಸ ಗಟ್ಟಿ ಶಾಕ್ ಹಾಕಿಸಿದರು. ಎರಡು ತಿಂಗಳಿಗೆ, ಮಾರ್ಕೆಟ್‌ನಲ್ಲಿ ಲೋಡ್ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗ, ಒಂದು ಹಂಪ್ ದಾಟುತ್ತಿದ್ದಂತೆ ಹಿಂದಿನ ಒಂದು ಶಾಕ್ ಮೇಲಿನ ಬೋಲ್ಟಿನ ಜಾಗದಲ್ಲಿ ಕಿತ್ತುಬಂತು. ಗಾಡಿ ಎಡಕ್ಕೆ ಎಗರಿ ರಸ್ತೆ ಪಕ್ಕದ ಮಣ್ಣಿಗೆ ಇಳಿಯಿತು. ಎದುರು ಯಾರೂ ಇರಲಿಲ್ಲ, ಮಾವನಿಗೆ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎಲ್ಲರಿಗೂ ವಿಚಿತ್ರ ಅನಿಸಿದ್ದು ಒಂದೇ ವಿಷಯ: ಲೋಡ್ ಇದ್ದಾಗ ಏನೂ ಆಗದೆ, ಖಾಲಿ ಇದ್ದಾಗ ಯಾಕೆ ಮುರಿಯಿತು?

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಗೊತ್ತಾದದ್ದು ಈ ಲೇಖನದಲ್ಲಿದೆ.

ಚುಟುಕಾಗಿ ಹೇಳುವುದಾದರೆ

ಲೋಡ್ ಹೊರುವುದು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಅಲ್ಲ. ಶಾಕ್‌ನ ಕೆಲಸ ಕುಣಿತ ನಿಲ್ಲಿಸುವುದು. ಎತ್ತಿಸಿದ ಗಾಡಿಗೆ ಶಾಕ್ ಆರಿಸುವಾಗ ಮೊದಲು ನೋಡಬೇಕಾದದ್ದು ಉದ್ದ, ಆಮೇಲೆ ಗಟ್ಟಿತನ, ಕೊನೆಗೆ ಕಂಪನಿ ಹೆಸರು. ಇನ್ನೊಂದು ಮಾತು: ಎಂಥ ಶಾಕ್ ಹಾಕಿದರೂ ಆರ್‌ಸಿಯಲ್ಲಿ ಬರೆದಿರುವ ತೂಕದ ಮಿತಿ ಒಂದು ಕೆ.ಜಿ. ಕೂಡ ಜಾಸ್ತಿ ಆಗುವುದಿಲ್ಲ.

ನಮ್ಮ ಕಡೆ ಪಿಕಪ್ ಯಾಕೆ ಎತ್ತಿಸುತ್ತಾರೆ?

ಬೆಂಗಳೂರಿನಲ್ಲಿ ಗಾಡಿ ಎತ್ತಿಸುವುದು ಬಹುಮಟ್ಟಿಗೆ ಶೋಕಿ. ನಮ್ಮಲ್ಲಿ ಅದು ಹೊಟ್ಟೆಪಾಡು. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮುಳಬಾಗಿಲಿನ ವಡ್ಡಹಳ್ಳಿಯಲ್ಲಿ ಇನ್ನೊಂದು ಟೊಮೆಟೊ ಮಾರುಕಟ್ಟೆ ಇದೆ, ಗಡಿ ದಾಟಿದರೆ ಮದನಪಲ್ಲಿ. ಶ್ರೀನಿವಾಸಪುರದಲ್ಲಿ ಮಾವು, ಮಾಲೂರಿನಲ್ಲಿ ಇಟ್ಟಿಗೆ, ಹೆಂಚು, ಹೂವು, ತರಕಾರಿ. ಇವೆಲ್ಲ ತೋಟದಿಂದ, ಗೂಡಿನಿಂದ ಹೊರಬರುವುದು ಹೆಚ್ಚಾಗಿ ಪಿಕಪ್‌ನಲ್ಲೇ.

ದಾರಿಯೋ, ಎರಡು ಬಗೆಯದು. ರಾಷ್ಟ್ರೀಯ ಹೆದ್ದಾರಿ 75 ಸೇರಿದರೆ ಗಾಡಿ ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತದೆ. ಅಲ್ಲಿಗೆ ಸೇರುವ ತನಕ ಹೊಲದ ಬದು, ಕೆರೆ ಕಟ್ಟೆ, ಹಳ್ಳಿಗೆ ಮೂರು ಹಂಪ್. ಲೋಡ್ ಬಿದ್ದಾಗ ಹಿಂಭಾಗ ಕೂತು ನೆಲಕ್ಕೆ ತಾಗುತ್ತದೆ ಅಂತ ಎತ್ತಿಸುತ್ತಾರೆ. ಕಮಾನು ಪಟ್ಟಿ ಸೇರಿಸುವುದು, ಪಟ್ಟಿಗೂ ಆಕ್ಸಲ್‌ಗೂ ನಡುವೆ ಕಬ್ಬಿಣದ ಬ್ಲಾಕ್ ಇಡುವುದು, ಪಟ್ಟಿಯ ತುದಿಯ ಶಾಕಲ್ ಉದ್ದ ಮಾಡುವುದು ಇದರ ಸಾಮಾನ್ಯ ದಾರಿಗಳು.

ಇದರ ಹಿಂದೆ ಬಾಕ್ಸ್ ಲೆಕ್ಕವೂ ಇದೆ. ಕೋಲಾರದಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆ.ಜಿ. ಕ್ರೇಟಿನ ತೂಕ ಸೇರಿಸಿ 17 ಕೆ.ಜಿ. ಅಂದುಕೊಳ್ಳಿ. 1,700 ಕೆ.ಜಿ. ಹೊರುವ ಪಿಕಪ್‌ಗೆ 100 ಬಾಕ್ಸ್ ಏರಿಸಿದರೆ ಅಲ್ಲಿಗೆ ಮುಗಿಯಿತು. 150 ಏರಿಸಿದರೆ 2,550 ಕೆ.ಜಿ., ಅಂದರೆ ಮಿತಿಗಿಂತ 850 ಕೆ.ಜಿ. ಹೆಚ್ಚು. 2023ರ ಜುಲೈನಲ್ಲಿ ಬಾಕ್ಸ್ ರೇಟು 2,000 ರೂಪಾಯಿ ಆಸುಪಾಸಿಗೆ ಹೋಗಿದ್ದಾಗ ಒಂದೊಂದು ಬಾಕ್ಸೂ ಬಂಗಾರದ ಹಾಗೆ ಕಾಣುತ್ತಿತ್ತು. ರೇಟು ಬಿದ್ದಾಗಲೂ ಕಥೆ ಬೇರೆಯಲ್ಲ: ಬಾಡಿಗೆ ಗಿಟ್ಟಬೇಕಾದರೆ ಒಂದೇ ಟ್ರಿಪ್‌ಗೆ ಜಾಸ್ತಿ ಏರಿಸಬೇಕು. ಈ ಒತ್ತಡ ಇರುವ ಕಡೆ ಇಂಥ ಫಾರ್ವರ್ಡ್ ಬೇಗ ನಂಬಿಕೆ ಗಳಿಸುತ್ತದೆ.

ಸ್ಪ್ರಿಂಗ್ ಬೇರೆ, ಶಾಕ್ ಬೇರೆ

ಗೊಂದಲ ಹುಟ್ಟುವುದು ಬೈಕಿನಿಂದ. ಬೈಕಿನ ಹಿಂದಿನ ಶಾಕ್ ನೋಡಿ: ಸುತ್ತ ಸುರುಳಿ ಸ್ಪ್ರಿಂಗ್, ಒಳಗೆ ಎಣ್ಣೆ ತುಂಬಿದ ಕೊಳವೆ. ಎರಡೂ ಒಂದೇ ಜಾಗದಲ್ಲಿ ಇರುವುದರಿಂದ ಇಡೀ ಜೋಡಿಗೆ ನಾವು ಶಾಕ್ ಅನ್ನುತ್ತೇವೆ. ಅದು ಭಾರ ಹೊರುವುದೂ ನಿಜ, ಆದರೆ ಹೊರುವುದು ಸುತ್ತಲಿನ ಸ್ಪ್ರಿಂಗ್.

ಪಿಕಪ್‌ನ ಹಿಂಭಾಗದಲ್ಲಿ ಇವೆರಡೂ ಬೇರೆ ಬೇರೆ ಇವೆ. ಒಂದರ ಮೇಲೊಂದು ಜೋಡಿಸಿದ ಕಮಾನು ಪಟ್ಟಿಗಳು ಸ್ಪ್ರಿಂಗ್. ಪಕ್ಕದಲ್ಲಿ ಓರೆಯಾಗಿ ನಿಂತ ಕೊಳವೆ ಶಾಕ್. ಆ ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ಸಣ್ಣ ವಾಲ್ವ್. ಚಕ್ರ ಮೇಲೆ ಕೆಳಗೆ ಆದಾಗ ಎಣ್ಣೆ ಆ ಕಿರಿದಾದ ದಾರಿಯಲ್ಲಿ ನುಗ್ಗಬೇಕು. ಹಾಗೆ ನುಗ್ಗುವಾಗ ಕುಣಿತದ ಶಕ್ತಿ ಬಿಸಿಯಾಗಿ ಬದಲಾಗಿ ಗಾಳಿಗೆ ಹೋಗುತ್ತದೆ.

ತುಂಬಿದ ಬಾವಿಯಲ್ಲಿ ಕೈಯಾಡಿಸಿ ನೋಡಿದರೆ ಇದು ಅರ್ಥವಾಗುತ್ತದೆ. ನಿಧಾನಕ್ಕೆ ಆಡಿಸಿದರೆ ನೀರು ಬಿಡುತ್ತದೆ, ಜೋರಾಗಿ ಬೀಸಿದರೆ ತಡೆಯುತ್ತದೆ, ಕೈ ನಿಲ್ಲಿಸಿದರೆ ಏನೂ ಇಲ್ಲ. ಶಾಕ್ ಕೂಡ ಹಾಗೆಯೇ. ವೇಗ ಇದ್ದಾಗ ಮಾತ್ರ ತಡೆ. ಗಾಡಿ ನಿಂತಿದ್ದಾಗ ಮೇಲಿರುವ 100 ಬಾಕ್ಸ್‌ನಲ್ಲಿ ಒಂದನ್ನೂ ಶಾಕ್ ಹೊತ್ತಿರುವುದಿಲ್ಲ. ಗ್ಯಾಸ್ ತುಂಬಿದ ಶಾಕ್ ಒಳಗಿನ ಒತ್ತಡದಿಂದ ತನ್ನ ರಾಡ್ ಅನ್ನು ಸ್ವಲ್ಪ ಹೊರಗೆ ತಳ್ಳುತ್ತದೆ ನಿಜ, ಆದರೆ ಆ ಬಲ ಎರಡು ಮೂರು ಬಾಕ್ಸ್‌ಗಿಂತ ಹೆಚ್ಚು ಬಾಳುವುದಿಲ್ಲ.

ಹಾಗಾದರೆ ಶಾಕ್ ಇಲ್ಲದೆ ಓಡಿಸಬಹುದಾ? ಓಡುತ್ತದೆ, ಆದರೆ ಹಂಪ್ ದಾಟಿದ ಮೇಲೂ ಗಾಡಿ ಕುಣಿಯುತ್ತಲೇ ಇರುತ್ತದೆ. ಚಕ್ರ ನೆಲ ಬಿಟ್ಟು ಎದ್ದ ಆ ಅರೆಕ್ಷಣ ಬ್ರೇಕೂ ಇಲ್ಲ, ಸ್ಟೇರಿಂಗ್ ಹಿಡಿತವೂ ಇಲ್ಲ. ಶಾಕ್‌ನ ನಿಜವಾದ ಕೆಲಸ ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು.

ಈಗ ಫಾರ್ವರ್ಡ್‌ಗಳ ಮಾತು ಒಂದೊಂದಾಗಿ

ಮಾತು 1: ಶಾಕ್ ಗಟ್ಟಿ ಇದ್ದಷ್ಟೂ ಲೋಡ್ ತಾಳುತ್ತದೆ.
ಸುಳ್ಳು. ಕಾರಣ ಮೇಲೆ ಹೇಳಿದ್ದೇ. ಇದಕ್ಕೊಂದು ವಿನಾಯಿತಿ ಇದೆ: ಶಾಕ್ ಮೇಲೆಯೇ ಸ್ಪ್ರಿಂಗ್ ಕೂರಿಸಿದ, ಇಲ್ಲವೇ ಗಾಳಿ ತುಂಬುವ ಬಗೆಯವು ಸ್ವಲ್ಪ ಭಾರ ಹೊರುತ್ತವೆ. ಆದರೆ ಆ ಭಾರ ಹೋಗಿ ಕೂರುವುದು ಶಾಕ್‌ನ ಬೋಲ್ಟಿನ ಮೇಲೆ. ಕಂಪನಿಯವರು ಆ ಬೋಲ್ಟು, ಆ ಬ್ರಾಕೆಟ್ ಮಾಡಿರುವುದು ಕುಣಿತ ತಡೆಯುವುದಕ್ಕೆ, ಲೋಡ್ ಹೊರುವುದಕ್ಕಲ್ಲ.

ಮಾತು 2: ಪಟ್ಟಿ ಸೇರಿಸಿದರೆ ಶಾಕ್ ಡಬಲ್ ಮಾಡಿಸಬೇಕು.
ಅರ್ಧ ನಿಜ. ಸ್ಪ್ರಿಂಗ್ ಗಟ್ಟಿಯಾದಾಗ ಶಾಕ್ ಕೂಡ ಸ್ವಲ್ಪ ಗಟ್ಟಿಯಾಗಬೇಕು. ಎಷ್ಟು ಅನ್ನುವುದು ಮುಖ್ಯ. ಒಂದೇ ಅಗಲ, ಒಂದೇ ದಪ್ಪದ 5 ಪಟ್ಟಿಗೆ ಅಂಥದ್ದೇ 2 ಸೇರಿಸಿದರೆ ಸ್ಪ್ರಿಂಗ್ ಅಂದಾಜು ಶೇ 40ರಷ್ಟು ಗಟ್ಟಿಯಾಗುತ್ತದೆ. ಶಾಕ್‌ನ ಅಗತ್ಯ ಬೆಳೆಯುವುದು ಇದರ ವರ್ಗಮೂಲದಲ್ಲಿ, ಅಂದರೆ ಅದೇ ಲೋಡಿಗೆ ಶೇ 18ರಷ್ಟು ಮಾತ್ರ. ಒಂದು ಚಕ್ರಕ್ಕೆ ಎರಡು ಶಾಕ್ ಕೂರಿಸಿದರೆ ಅದು ಶೇ 100 ಆಗುತ್ತದೆ. ಆಗ ಹಳ್ಳಕ್ಕೆ ಇಳಿಯಬೇಕಾದ ಚಕ್ರ ತಡವಾಗಿ ಇಳಿಯುತ್ತದೆ. ಅಷ್ಟು ಹೊತ್ತು ಅದು ಗಾಳಿಯಲ್ಲಿ.

ಪಟ್ಟಿಯ ದಪ್ಪದ ವಿಷಯದಲ್ಲೂ ಎಚ್ಚರ ಬೇಕು. ಪಟ್ಟಿಯ ಗಟ್ಟಿತನ ದಪ್ಪದ ಮೂರರ ಘಾತದಲ್ಲಿ ಏರುತ್ತದೆ. 7 ಮಿ.ಮೀ. ಪಟ್ಟಿ ಇದ್ದ ಕಡೆ 8 ಮಿ.ಮೀ. ಹಾಕಿದರೆ ನೋಡಲು ಒಂದೇ ಮಿಲಿಮೀಟರ್ ವ್ಯತ್ಯಾಸ, ಗಟ್ಟಿತನದಲ್ಲಿ ಸುಮಾರು ಒಂದೂವರೆ ಪಟ್ಟು.

ಮಾತು 3: ಎತ್ತಿಸಿದ ಮೇಲೂ ಹಳೆ ಉದ್ದದ ಶಾಕ್ ನಡೆಯುತ್ತದೆ, ಗಟ್ಟಿ ಇದ್ದರೆ ಸಾಕು.
ಸುಳ್ಳು, ಮತ್ತು ಅಪಾಯ. ನಮ್ಮ ಮಾವನ ಗಾಡಿಗೆ ಆದದ್ದು ಇದೇ. ಹಿಂಭಾಗ ಎತ್ತಿದಾಗ ಚಾಸಿಗೂ ಆಕ್ಸಲ್‌ಗೂ ಅಂತರ ಹೆಚ್ಚುತ್ತದೆ. ಹಳೆ ಉದ್ದದ ಶಾಕ್ ನಿಂತಲ್ಲೇ ಮುಕ್ಕಾಲು ಎಳೆದುಕೊಂಡಿರುತ್ತದೆ. ಲೋಡ್ ಇದ್ದಾಗ ಪಟ್ಟಿ ಕೂರುವುದರಿಂದ ಅಂತರ ಕಡಿಮೆಯಾಗಿ ಶಾಕ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಖಾಲಿ ಇದ್ದಾಗ ಹಂಪ್ ಮೇಲೆ ಹಾರಿದರೆ ಆಕ್ಸಲ್ ಕೆಳಗೆ ಜೋತುಬೀಳುತ್ತದೆ, ಶಾಕ್ ಪೂರ್ತಿ ಎಳೆದು ಪಿಸ್ಟನ್ ತುದಿಗೆ ಹೊಡೆಯುತ್ತದೆ. ಆಗ ಆಕ್ಸಲ್, ಚಕ್ರಗಳ ಎಳೆತವೆಲ್ಲ ಎರಡು ಬೋಲ್ಟಿನ ಮೇಲೆ. ದಿನಕ್ಕೆ ಐವತ್ತು ಹಂಪ್ ಲೆಕ್ಕ ಹಾಕಿ, ಎರಡು ತಿಂಗಳು ತಾಳಿದ್ದೇ ಹೆಚ್ಚು. ಖಾಲಿ ಗಾಡಿಯಲ್ಲಿ ಯಾಕೆ ಮುರಿಯಿತು ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಮಾತು 4: ಹಾಗಾದರೆ ಸಿಕ್ಕಷ್ಟು ಉದ್ದದ್ದು ಹಾಕಿಸಿದರಾಯಿತು.
ಸುಳ್ಳು. ಉದ್ದದ ಶಾಕ್ ಮಡಚಿದಾಗಲೂ ಉದ್ದವೇ. ಲೋಡ್ ಗಾಡಿ ಹಳ್ಳಕ್ಕೆ ಬಿದ್ದಾಗ ಮೊದಲು ತಾಗಬೇಕಾದದ್ದು ಆಕ್ಸಲ್ ಮೇಲಿನ ರಬ್ಬರ್ ಬಂಪ್ ಸ್ಟಾಪ್. ಶಾಕ್ ಅದಕ್ಕಿಂತ ಮೊದಲೇ ಪೂರ್ತಿ ಮಡಚಿದರೆ ಇಡೀ ಲೋಡಿನ ಪೆಟ್ಟು ಶಾಕ್ ತಿನ್ನುತ್ತದೆ. ರಾಡ್ ಬಾಗುತ್ತದೆ, ಇಲ್ಲವೇ ಸೀಲ್ ಒಡೆದು ಎಣ್ಣೆ ಸುರಿಯುತ್ತದೆ.

ಮಾತು 5: ಹಳೆ ಶಾಕ್‌ಗೆ ಎಂಜಿನ್ ಆಯಿಲ್ ತುಂಬಿಸಿದರೆ ಹೊಸದರ ಹಾಗೆ ಕೆಲಸ ಮಾಡುತ್ತದೆ.
ಬಹುಮಟ್ಟಿಗೆ ಸುಳ್ಳು. ಶಾಕ್‌ಗೆ ಹಾಕುವ ಎಣ್ಣೆ ತೆಳುವಾದದ್ದು, ಬಿಸಿಯಾದರೂ ಹೆಚ್ಚು ಬದಲಾಗದಂಥದ್ದು. ಎಂಜಿನ್ ಆಯಿಲ್ ಅದಕ್ಕಿಂತ ಮಂದ. ಹಾಕಿದ ದಿನ ಗಟ್ಟಿ ಅನಿಸುತ್ತದೆ, ಅದಕ್ಕೇ ಜನ ಮೆಚ್ಚುತ್ತಾರೆ. ಆದರೆ ಸವೆದ ಸೀಲ್, ಸವೆದ ವಾಲ್ವ್ ಹಾಗೇ ಇರುತ್ತವೆ. ಗ್ಯಾಸ್ ಶಾಕ್ ಆಗಿದ್ದರೆ, ತೂತು ಕೊರೆದ ಕ್ಷಣವೇ ಗ್ಯಾಸ್ ಹೋಗಿರುತ್ತದೆ.

ಮಾತು 6: ಗಟ್ಟಿ ಶಾಕ್ ಹಾಕಿದರೆ ಟೊಮೆಟೊ ಜಜ್ಜುವುದಿಲ್ಲ.
ಉಲ್ಟಾ. ಹಣ್ಣಿಗೆ ಪೆಟ್ಟು ಬೀಳುವುದು ಕ್ರೇಟಿನೊಳಗೆ ಅದು ಎಗರಿ ಬಿದ್ದಾಗ, ಮತ್ತು ಒಂದಕ್ಕೊಂದು ಉಜ್ಜಿದಾಗ. ಗಾಡಿಯ ತಟ್ಟೆ ರಸ್ತೆಯ ಒಂದೊಂದು ಕಲ್ಲನ್ನೂ ಮೇಲಕ್ಕೆ ದಾಟಿಸಿದರೆ, ಎಲ್ಲಕ್ಕಿಂತ ಹೆಚ್ಚು ಕುಣಿಯುವುದು ಮೇಲಿನ ಸಾಲಿನ ಹಣ್ಣು. ಹರಾಜಿನಲ್ಲಿ ವ್ಯಾಪಾರಿಯ ಕಣ್ಣಿಗೆ ಮೊದಲು ಬೀಳುವುದೂ ಅದೇ. ಪಟ್ಟಿಯೂ ಗಟ್ಟಿ, ಶಾಕೂ ಗಟ್ಟಿ ಮಾಡಿಸಿದರೆ ರೈತನಿಗೆ ನಷ್ಟ. ಶಾಕ್ ಸತ್ತು ಗಾಡಿ ತೂಗುಯ್ಯಾಲೆ ಆದರೂ ನಷ್ಟವೇ. ಎರಡರ ನಡುವಿನ ಹದ ಬೇಕು.

ಉದ್ದ ಅಳೆಯುವುದು ಹೇಗೆ?

ಎತ್ತಿಸುವ ಕೆಲಸ ಮುಗಿದ ಮೇಲೆ, ಶಾಕ್ ಕೊಳ್ಳುವ ಮೊದಲು, ಒಂದು ಟೇಪು ಹಿಡಿದು ಮೂರು ಅಳತೆ ತೆಗೆಯಬೇಕು. ಮೂರೂ ಶಾಕ್‌ನ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ. ಇದನ್ನು ಮೆಕ್ಯಾನಿಕ್ ಜೊತೆ ಮಾಡಿ. ಗಾಡಿ ಎತ್ತಿದಾಗ ಚಾಸಿಯ ಕೆಳಗೆ ಸರಿಯಾದ ಸ್ಟ್ಯಾಂಡ್ ಇರಲಿ. ಬರೀ ಜಾಕ್ ಅಥವಾ ಸೈಜುಗಲ್ಲು ನಂಬಿ ಅಡಿಗೆ ನುಗ್ಗಬೇಡಿ.

1. ನಿಂತ ಅಳತೆ. ಖಾಲಿ ಗಾಡಿ, ಸಮತಟ್ಟು ನೆಲ.
2. ಜೋತ ಅಳತೆ. ಹಳೆ ಶಾಕ್ ಬಿಚ್ಚಿ, ಚಾಸಿ ಎತ್ತಿ, ಆಕ್ಸಲ್ ಪೂರ್ತಿ ಕೆಳಗೆ ಜೋತುಬಿದ್ದಾಗ. ಬ್ರೇಕ್ ಪೈಪು ಎಳೆಯದ ಹಾಗೆ ನೋಡಿಕೊಳ್ಳಿ.
3. ಒತ್ತಿದ ಅಳತೆ. ನಿಂತ ಗಾಡಿಯಲ್ಲಿ ಬಂಪ್ ಸ್ಟಾಪ್‌ಗೂ ಅದು ತಾಗುವ ಜಾಗಕ್ಕೂ ಎಷ್ಟು ಅಂತರ ಇದೆ ನೋಡಿ. ಆ ಅಂತರ, ಜೊತೆಗೆ ರಬ್ಬರ್ ಅದುಮುವಷ್ಟು ಇನ್ನೊಂದಿಷ್ಟು, ಎರಡನ್ನೂ ನಿಂತ ಅಳತೆಯಿಂದ ಕಳೆಯಿರಿ.

ಒಂದು ಉದಾಹರಣೆ ನೋಡೋಣ, ಅಂಕಿ ಬರೀ ಲೆಕ್ಕಕ್ಕೆ. ನಿಂತ ಅಳತೆ 450 ಮಿ.ಮೀ., ಜೋತ ಅಳತೆ 520. ಬಂಪ್ ಸ್ಟಾಪ್ ಅಂತರ 80, ರಬ್ಬರ್ ಅದುಮುವುದು 25. ಹಾಗಾದರೆ ಒತ್ತಿದ ಅಳತೆ 450ರಲ್ಲಿ 105 ಕಳೆದು 345. ಎರಡೂ ಕಡೆ 15 ಮಿ.ಮೀ. ಬಿಡುವು ಇಟ್ಟುಕೊಳ್ಳಿ. ನಿಮಗೆ ಬೇಕಾದ ಶಾಕ್ ಪೂರ್ತಿ ಎಳೆದಾಗ 535ಕ್ಕಿಂತ ಕಡಿಮೆ ಇರಬಾರದು, ಪೂರ್ತಿ ಮಡಚಿದಾಗ 330ಕ್ಕಿಂತ ಹೆಚ್ಚು ಇರಬಾರದು. ಈ ಎರಡು ಅಂಕಿ ಫೋನಿನಲ್ಲಿ ಬರೆದಿಟ್ಟುಕೊಂಡು ಅಂಗಡಿಗೆ ಹೋಗಿ.

ಎರಡು ಇಂಚು ಎತ್ತಿಸಿದ್ದೀನಿ, ಎರಡು ಇಂಚು ಉದ್ದದ ಶಾಕ್ ಕೊಡಿ ಅಂತ ಬಾಯಿಲೆಕ್ಕದಲ್ಲಿ ಕೇಳಿದರೆ ತಪ್ಪುವ ಸಾಧ್ಯತೆಯೇ ಹೆಚ್ಚು. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು ಒಂದು ಇಂಚು ಮಾತ್ರ, ಯಾಕೆಂದರೆ ಪಟ್ಟಿಯ ಒಂದು ತುದಿ ಮಾತ್ರ ಏಳುತ್ತದೆ, ಆಕ್ಸಲ್ ಇರುವುದು ನಡುವೆ. ಬ್ಲಾಕ್ ಇಟ್ಟರೆ ಎರಡಕ್ಕೆ ಎರಡೇ. ಹೊಸ ಪಟ್ಟಿ ಒಂದೆರಡು ವಾರ ಓಡಿದ ಮೇಲೆ ಸ್ವಲ್ಪ ಕೂರುತ್ತದೆ. ಅದಕ್ಕೇ ಟೇಪು.

ಅಂಗಡಿಯಲ್ಲಿ ಏನು ಕೇಳಬೇಕು?

ಎರಡು ತುದಿಯ ಜೋಡಣೆ. ಕಣ್ಣು ಇರುವ ತುದಿಯೋ, ಥ್ರೆಡ್ ಪಿನ್ ಇರುವ ತುದಿಯೋ ನೋಡಿ. ಬುಷ್‌ನ ತೂತು ಬೋಲ್ಟಿಗೆ ಸರಿಯಾಗಿ ಕೂರಬೇಕು. ಸಡಿಲ ಇದ್ದರೆ ವಾಷರ್ ತುಂಬಿಸುತ್ತೀನಿ ಅಂದರೆ ಒಪ್ಪಬೇಡಿ.

ಎಣ್ಣೆಯದೋ ಗ್ಯಾಸಿನದೋ. ಮಾಮೂಲಿ ಶಾಕ್‌ನಲ್ಲಿ ಎರಡು ಕೊಳವೆ, ಒಂದರೊಳಗೊಂದು. ಮಣ್ಣು ದಾರಿಯಲ್ಲಿ ಬಹಳ ಹೊತ್ತು ಕುಣಿದರೆ ಒಳಗಿನ ಎಣ್ಣೆ ಗಾಳಿ ಸೇರಿ ನೊರೆಯಾಗುತ್ತದೆ. ನೊರೆಯನ್ನು ಪಿಸ್ಟನ್ ಸಲೀಸಾಗಿ ಸೀಳಿಕೊಂಡು ಹೋಗುವುದರಿಂದ ತಡೆ ಬೀಳುತ್ತದೆ. ಕಡಿಮೆ ಒತ್ತಡದ ನೈಟ್ರೋಜನ್ ತುಂಬಿದ ಜೋಡಿ ಕೊಳವೆ ಶಾಕ್‌ನಲ್ಲಿ ನೊರೆ ಕಡಿಮೆ. ಒಂಟಿ ಕೊಳವೆಯ ಮೋನೊಟ್ಯೂಬ್‌ನಲ್ಲಿ ಎಣ್ಣೆ ಒಂದು ಕಡೆ, ಹೆಚ್ಚು ಒತ್ತಡದ ಗ್ಯಾಸ್ ಇನ್ನೊಂದು ಕಡೆ, ನಡುವೆ ಗೋಡೆಯಂಥ ಪಿಸ್ಟನ್ ಇರುತ್ತದೆ. ಅದು ಬೇಗ ತಣ್ಣಗಾಗುತ್ತದೆ. ಆದರೆ ಬೆಲೆ ಹೆಚ್ಚು, ಮತ್ತು ಒಂದು ಕಲ್ಲು ಹಾರಿ ಕೊಳವೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತೋಟದಿಂದ ಮಾರ್ಕೆಟ್‌ಗೆ ಓಡುವ ಪಿಕಪ್‌ಗೆ ಗ್ಯಾಸ್ ತುಂಬಿದ ಜೋಡಿ ಕೊಳವೆ ಶಾಕ್ ಸಾಕು.

ಗಟ್ಟಿತನ. ಇಲ್ಲಿ ಒಂದು ರಾಜಿ ಇದ್ದೇ ಇದೆ. ಹಿಂಭಾಗದ ಭಾರ ಖಾಲಿಯಲ್ಲಿ 500 ಕೆ.ಜಿ., ಲೋಡಿನಲ್ಲಿ 2,000 ಕೆ.ಜಿ. ಅಂದುಕೊಳ್ಳಿ. ನಾಲ್ಕು ಪಟ್ಟು ಭಾರಕ್ಕೆ ಬೇಕಾದ ತಡೆ ಎರಡು ಪಟ್ಟು. ಲೋಡಿಗೆ ಸರಿಹೋಗುವ ಶಾಕ್ ಖಾಲಿಗೆ ಅತಿ ಗಟ್ಟಿ, ಖಾಲಿಗೆ ಸರಿಹೋಗುವುದು ಲೋಡಿಗೆ ಮೆತ್ತಗೆ. ಕಂಪನಿಯವರು ಇವೆರಡರ ನಡುವೆ ಒಂದು ಹದ ಆರಿಸಿರುತ್ತಾರೆ. ಒಂದೆರಡು ಪಟ್ಟಿ ಸೇರಿಸಿದ ಗಾಡಿಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಸಾಕು, ಅತ್ಯಂತ ಗಟ್ಟಿಯಾದದ್ದಲ್ಲ. ಗಟ್ಟಿತನ ಬೇಕಿರುವುದು ಹೆಚ್ಚಾಗಿ ಎಳೆಯುವ ದಿಕ್ಕಿನಲ್ಲಿ, ಅಂದರೆ ಅದುಮಿದ ಪಟ್ಟಿ ವಾಪಸ್ ಚಿಮ್ಮುವಾಗ. ಮಡಚುವ ದಿಕ್ಕಿನಲ್ಲೂ ಅಷ್ಟೇ ಗಟ್ಟಿ ಇದ್ದರೆ ಪ್ರತಿ ಕಲ್ಲಿನ ಪೆಟ್ಟು ತಟ್ಟೆಗೆ ಬರುತ್ತದೆ.

ಜೋಡಿ. ಒಂದು ಆಕ್ಸಲ್‌ನ ಎರಡೂ ಕಡೆ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಅಂದರೆ ಬ್ರೇಕ್ ಹೊಡೆದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

ಕೂರಿಸುವಾಗ ಎರಡು ಸಣ್ಣ ಮಾತು ನೆನಪಿರಲಿ. ಅಂಗಡಿಯಲ್ಲಿ ಮಲಗಿಸಿಟ್ಟ ಜೋಡಿ ಕೊಳವೆ ಶಾಕ್ ಅನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಎಳೆದು ಒತ್ತಿ, ಒಳಗಿನ ಗಾಳಿ ಮೇಲೇರಲಿ. ರಬ್ಬರ್ ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ಮೇಲೆ. ಜೋತಾಡುವಾಗಲೇ ಬಿಗಿ ಮಾಡಿದರೆ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಶಾಕ್ ಸತ್ತಿದೆ ಅಂತ ತಿಳಿಯುವುದು ಹೇಗೆ?

ಕಾರಿನ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ನೋಡುವ ವಿಡಿಯೊ ನೀವು ನೋಡಿರುತ್ತೀರಿ. ಪಿಕಪ್‌ಗೆ ಅದು ಅಷ್ಟು ನಂಬಿಕಸ್ತ ಪರೀಕ್ಷೆ ಅಲ್ಲ. ಕಮಾನು ಪಟ್ಟಿಗಳು ಒಂದಕ್ಕೊಂದು ಉಜ್ಜಿ ತಾವೇ ಕುಣಿತ ತಡೆಯುತ್ತವೆ, ಹಾಗಾಗಿ ಸತ್ತ ಶಾಕೂ ಚೆನ್ನಾಗಿರುವ ಹಾಗೆ ಕಾಣುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯ: ಹತ್ತು ಹದಿನೈದು ನಿಮಿಷ ಹಳ್ಳಕೊಳ್ಳದ ದಾರಿಯಲ್ಲಿ ಓಡಿಸಿ ನಿಲ್ಲಿಸಿ, ಎರಡೂ ಕಡೆಯ ಶಾಕ್ ಮೇಲೆ ಜೋಪಾನವಾಗಿ ಕೈ ಇಟ್ಟು ನೋಡಿ. ಕೆಲಸ ಮಾಡಿದ್ದು ಬೆಚ್ಚಗಿರುತ್ತದೆ, ಕೆಲವೊಮ್ಮೆ ಸುಡುವಷ್ಟು. ಒಂದು ಬೆಚ್ಚಗೆ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಸತ್ತಿದೆ. ಕೊಳವೆ ಮೇಲೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ, ತೊಟ್ಟಿಕ್ಕುತ್ತಿದ್ದರೆ ಬದಲಿಸಿ. ಟೈರು ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದು ಸವೆದಿದ್ದರೆ ಅದೂ ಚಕ್ರ ಕುಣಿಯುತ್ತಿರುವ ಗುರುತು.

ಒಳ್ಳೆಯ ಶಾಕ್ ಹಾಕಿದರೂ ಸರಿಯಾಗದ ಮೂರು ವಿಷಯ

ಮೊದಲನೆಯದು ಬ್ರೇಕ್. ಇದು ಬಹಳ ಜನಕ್ಕೆ ಗೊತ್ತಿಲ್ಲ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಕಡ್ಡಿ, ಅದರ ತುದಿಯಲ್ಲಿ ಬ್ರೇಕಿನ ವಾಲ್ವ್ ಇರುತ್ತದೆ. ಗ್ಯಾರೇಜಿನಲ್ಲಿ ಎಲ್‌ಎಸ್‌ಪಿವಿ ಅನ್ನುತ್ತಾರೆ. ಹಿಂಭಾಗ ಕೂತಿದ್ದರೆ ಲೋಡ್ ಇದೆ ಅಂತ ತಿಳಿದು ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಬಿಡುತ್ತದೆ, ಎದ್ದಿದ್ದರೆ ಖಾಲಿ ಅಂತ ತಿಳಿದು ಕಡಿಮೆ ಮಾಡುತ್ತದೆ. ಗಾಡಿ ಎತ್ತಿಸಿ ಈ ಕಡ್ಡಿ ಹಾಗೇ ಬಿಟ್ಟರೆ, 100 ಬಾಕ್ಸ್ ಇದ್ದಾಗಲೂ ವಾಲ್ವ್‌ಗೆ ಗಾಡಿ ಖಾಲಿಯಂತೆ ಕಾಣುತ್ತದೆ. ಲೋಡ್ ತುಂಬಿದ ಗಾಡಿಗೆ ಖಾಲಿ ಗಾಡಿಯ ಬ್ರೇಕ್! ಎತ್ತಿಸಿದ ಮೇಲೆ ಇದನ್ನು ಕಂಪನಿಯ ಅಳತೆ ಗೊತ್ತಿರುವವರ ಹತ್ತಿರವೇ ಸರಿ ಮಾಡಿಸಬೇಕು. ಮನೆಯಲ್ಲಿ ತಂತಿ ಕಟ್ಟಿ ಸರಿ ಮಾಡುವ ವಿಷಯ ಅಲ್ಲ.

ಎರಡನೆಯದು ವಾಲುವುದು. ಗಾಡಿಯ ಭಾರದ ಕೇಂದ್ರ ಮೇಲೇರಿದಷ್ಟೂ ತಿರುವಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚು. ಎತ್ತಿಸಿದ್ದು ಒಂದಿಷ್ಟು, ಮೇಲೊಂದು ಸಾಲು ಜಾಸ್ತಿ ಕ್ರೇಟು ಜೋಡಿಸಿದ್ದು ಒಂದಿಷ್ಟು, ಎರಡೂ ಸೇರಿಕೊಳ್ಳುತ್ತವೆ. ಶಾಕ್ ಗಾಡಿ ವಾಲುವುದನ್ನು ನಿಧಾನ ಮಾಡಬಲ್ಲದು, ಭಾರವನ್ನು ಕೆಳಗೆ ಇಳಿಸಲಾರದು.

ಮೂರನೆಯದು ಹೆಡ್‌ಲೈಟ್. ಹಿಂಭಾಗ ಎತ್ತಿದರೆ ಬೆಳಕು ಮೂತಿಯ ಮುಂದೆಯೇ ಬೀಳುತ್ತದೆ, ಮುಂಭಾಗ ಎತ್ತಿದರೆ ಎದುರಿನವರ ಕಣ್ಣಿಗೆ. ಬೆಳಗಿನ ಜಾವ ಮಾರ್ಕೆಟ್‌ಗೆ ಓಡುವವರು ಇದನ್ನು ಮರೆಯಬಾರದು.

ಕಾನೂನು ಏನು ಹೇಳುತ್ತದೆ?

ಹಳೆ ಶಾಕ್ ತೆಗೆದು ಅದೇ ಅಳತೆಯ ಹೊಸದು ಹಾಕುವುದು ರಿಪೇರಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಗಾಡಿಯ ಮೂಲ ವಿನ್ಯಾಸವನ್ನೇ ಬದಲಿಸುವುದು ಬೇರೆ ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ನಿಯಮ ಮೀರಿ ಗಾಡಿ ಮಾರ್ಪಡಿಸಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಓವರ್‌ಲೋಡ್‌ಗೆ 194ನೇ ಸೆಕ್ಷನ್ ಇದೆ: 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್‌ಗೆ 2,000, ಜೊತೆಗೆ ಹೆಚ್ಚಿನ ಲೋಡ್ ಇಳಿಸುವ ಖರ್ಚು.

ಹಾಗಾಗಿ ಎತ್ತಿಸುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ಅಪಘಾತ ಆದ ಮೇಲೆ ಸರ್ವೇಯರ್ ಗಾಡಿ ಅಡಿಗೆ ಬಗ್ಗಿ ನೋಡಿದಾಗ, ಹೊಸದಾಗಿ ಸೇರಿದ ಪಟ್ಟಿ ಬಚ್ಚಿಡಲು ಆಗುವುದಿಲ್ಲ. ಎಫ್‌ಸಿಗೆ ಹೋದಾಗಲೂ ಅಷ್ಟೇ.

ಕೊನೆಗೆ ಮಾವ ಏನು ಮಾಡಿದರು?

ಸೇರಿಸಿದ ಪಟ್ಟಿಗಳನ್ನು ತೆಗೆಸಿದರು. ಬಹಳ ಕಾಲದಿಂದ ಓಡಿ ಬಳಲಿದ್ದ ಹಳೆ ಕಟ್ಟಿನ ಪಟ್ಟಿಗಳನ್ನು ಬದಲಿಸಿ, ಕಂಪನಿ ಅಳತೆಯ ಹೊಸ ಕಟ್ಟು ಕೂರಿಸಿದರು. ಗಾಡಿ ನೆಲಕ್ಕೆ ತಾಗುತ್ತಿದ್ದದ್ದಕ್ಕೆ ಅರ್ಧ ಕಾರಣ ಆ ಬಳಲಿದ ಪಟ್ಟಿ, ಇನ್ನರ್ಧ ಜಾಸ್ತಿ ಬಾಕ್ಸ್. ಕಿತ್ತುಬಂದ ಬ್ರಾಕೆಟ್ ಹೊಸದು ಹಾಕಿ, ಕಂಪನಿ ಅಳತೆಯ ಗ್ಯಾಸ್ ಶಾಕ್ ಜೋಡಿ ಹಾಕಿಸಿದರು, ಬ್ರೇಕಿನ ಕಡ್ಡಿಯನ್ನೂ ನೋಡಿಸಿದರು. ಒಟ್ಟು ಖರ್ಚು ಎತ್ತಿಸಿದ್ದಕ್ಕಿಂತ ಹೆಚ್ಚಾಯಿತು. ಈಗ ಎಷ್ಟು ಬಾಕ್ಸ್ ಏರಿಸುತ್ತೀರಿ ಅಂತ ಕೇಳಿದರೆ, ನೂರಕ್ಕೆ ನಿಲ್ಲಿಸುತ್ತೀನಿ, ಉಳಿದದ್ದಕ್ಕೆ ಎರಡನೇ ಟ್ರಿಪ್ ಅನ್ನುತ್ತಾರೆ. ಎಲ್ಲ ದಿನವೂ ಹಾಗೇ ಮಾಡುತ್ತಾರಾ ಅಂತ ನಾನು ಒತ್ತಿ ಕೇಳಲಿಲ್ಲ. ಅತ್ತೆ ಕೇಳುತ್ತಾರೆ.

ಪಿಕಪ್ ಗುಂಪಿಗೆ ಕಳಿಸುವುದಾದರೆ ಇಷ್ಟು ಕಳಿಸಿ:

ಲೋಡ್ ಹೊರುವುದು ಪಟ್ಟಿ, ಕುಣಿತ ನಿಲ್ಲಿಸುವುದು ಶಾಕ್.
ಗಾಡಿ ನೆಲಕ್ಕೆ ತಾಗುತ್ತಿದ್ದರೆ ಮೊದಲು ಹಳೆ ಪಟ್ಟಿ ನೋಡಿ, ಬಾಕ್ಸ್ ಎಣಿಸಿ.
ಎತ್ತಿಸಿದ್ದರೆ ಜೋತ ಅಳತೆ, ಒತ್ತಿದ ಅಳತೆ ತೆಗೆದು ಶಾಕ್ ಕೊಳ್ಳಿ.
ಒಂದು ಮೆಟ್ಟಿಲು ಗಟ್ಟಿ ಸಾಕು, ಡಬಲ್ ಬೇಡ, ಯಾವಾಗಲೂ ಜೋಡಿಯಾಗಿ ಬದಲಿಸಿ.
ಬ್ರೇಕಿನ ಕಡ್ಡಿ ಸರಿ ಮಾಡಿಸದೆ ಎತ್ತಿಸಿದ ಗಾಡಿಯನ್ನು ಲೋಡ್ ಹಾಕಿ ಓಡಿಸಬೇಡಿ.
ಆರ್‌ಸಿಯಲ್ಲಿ ಬರೆದ ತೂಕವನ್ನು ಯಾವ ಶಾಕೂ ಬದಲಿಸುವುದಿಲ್ಲ.